ಶಾಲೆಯ ಗಂಟೆಗೆ ಹೊಂದಿಕೊಳ್ಳುವ ದವಾಖಾನೆ: ನನ್ನ ಅನುಭವ

ರಕ್ತಹೀನತೆ ತಡೆಯಲು ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯನ್ನು, ಅಂದರೆ ಸೋಮವಾರದ ನೀಲಿ ಗುಳಿಗೆಯನ್ನು, ಬೆಳಗ್ಗೆ ಹಾಲಿನ ಹೊತ್ತಿಗೆ ಕೊಡಬೇಡಿ. ಜಗಳೂರು, ಚಳ್ಳಕೆರೆ ಕಡೆಯ ಶಾಲೆಗಳಲ್ಲಿ ವಾರಕ್ಕೊಂದು ದಿನ ಕೂತು ಮಕ್ಕಳ ಆರೋಗ್ಯ ನೋಡುವ ನಾವು ಹೊಸ ಶಾಲೆಗೆ ಹೋದಾಗ ಮೊದಲು ಸರಿಪಡಿಸುವುದು ಇದನ್ನೇ. ಪ್ರಾರ್ಥನೆ ಮುಗಿದ ಮೇಲೆ ಸರ್ಕಾರದ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲು ಕೊಡುತ್ತಾರೆ. ಮಕ್ಕಳೆಲ್ಲ ಸಾಲಾಗಿ ನಿಂತಿರುತ್ತಾರೆ, ಆ ಸಾಲಿನಲ್ಲೇ ಗುಳಿಗೆಯನ್ನೂ ಕೊಟ್ಟು ಮುಗಿಸಿದರೆ ಮೇಷ್ಟ್ರಿಗೆ ಸಲೀಸು. ಆದರೆ ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಾಲಿಗೆ ರಾಗಿ ಮಾಲ್ಟ್ ಬೆರೆಸಿದ ದಿನವಂತೂ ಇನ್ನೂ ಕಮ್ಮಿ. ಮೇಲಾಗಿ ಎಷ್ಟೋ ಮಕ್ಕಳು ಮನೆಯಿಂದ ಬರೀ ಚಹಾ ಕುಡಿದು ಬಂದಿರುತ್ತಾರೆ. ಖಾಲಿ ಹೊಟ್ಟೆಗೆ ಕಬ್ಬಿಣ ಬಿದ್ದರೆ ಹೊಟ್ಟೆ ತೊಳಸುತ್ತದೆ. ಒಬ್ಬಳು ವಾಂತಿ ಮಾಡಿಕೊಂಡರೆ ಪಕ್ಕದವರಿಗೂ ಶುರುವಾಗುತ್ತದೆ, ಸಂಜೆಯೊಳಗೆ ಊರೆಲ್ಲ ಸುದ್ದಿ. ಆಮೇಲೆ ಆರು ತಿಂಗಳು ಆ ಊರಲ್ಲಿ ಯಾರೂ ಗುಳಿಗೆ ಮುಟ್ಟುವುದಿಲ್ಲ.

ಬಿಸಿಯೂಟವಾಗಿ ಅರ್ಧ ಗಂಟೆ ಬಿಟ್ಟು, ಮಧ್ಯಾಹ್ನದ ಮೊದಲ ಪಿರಿಯಡ್ ಶುರುವಾಗುವ ಮುಂಚೆ, ತರಗತಿಯಲ್ಲೇ ಕೊಡಿ. 6ರಿಂದ 10ನೇ ತರಗತಿಗೆ ನೀಲಿ, ಅಂದರೆ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. 1ರಿಂದ 5ಕ್ಕೆ ಗುಲಾಬಿ, 45 ಮಿ.ಗ್ರಾಂ ಮತ್ತು 400 ಮೈಕ್ರೋಗ್ರಾಂ. ಎರಡೂ ಇರುವ ಶಾಲೆಯಲ್ಲಿ ಡಬ್ಬಿಗಳು ಅದಲುಬದಲಾಗುತ್ತವೆ. ಮಗುವಿನ ಎತ್ತರ ನೋಡಿ ಕೊಡುವವರೂ ಇದ್ದಾರೆ, ಹಾಗಾಗಿ ಡಬ್ಬಿಯ ಮೇಲೇ ತರಗತಿ ಬರೆದಿಡಬೇಕು. ಮೇಷ್ಟ್ರು ಮಕ್ಕಳೆದುರು ತಾವೂ ಒಂದು ನುಂಗಿದರೆ ಅರ್ಧ ಅನುಮಾನ ಹೋಗುತ್ತದೆ. ಮಲ ಕಪ್ಪಾಗುತ್ತದೆ ಅನ್ನೋದನ್ನು ಮೊದಲೇ ಹೇಳಿ. ಹೇಳದಿದ್ದರೆ ಅವ್ವಂದಿರು ಹೆದರಿ ನಿಲ್ಲಿಸುತ್ತಾರೆ. ಕೊಟ್ಟ ಮೇಲೆ ಕಿಟಕಿಯ ಹೊರಗೆ, ನಲ್ಲಿಯ ಕೆಳಗೆ ಒಮ್ಮೆ ನೋಡಿ ಬನ್ನಿ. ಅಲ್ಲಿ ನೀಲಿ ಕಲೆ ಕಂಡರೆ ಆ ತರಗತಿಯ ಪಟ್ಟಿಯಲ್ಲಿರುವ ಟಿಕ್ಕುಗಳನ್ನು ನಂಬಬೇಡಿ. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ಮಾತ್ರೆಗೂ (ಅಲ್ಬೆಂಡಜೋಲ್ 400 ಮಿ.ಗ್ರಾಂ) ಇದೇ ಎಚ್ಚರ ಬೇಕು. ಅದನ್ನು ಇಡಿಯಾಗಿ ನುಂಗಿಸದೆ ಕಣ್ಣೆದುರೇ ಅಗಿಸಿ ನೀರು ಕುಡಿಸಬೇಕು.

ಹಿಮೋಗ್ಲೋಬಿನ್ ನೋಡುವ ರಕ್ತ ಪರೀಕ್ಷೆಯಲ್ಲಿ ತಪ್ಪಾಗುವುದು ಯಂತ್ರದಿಂದಲ್ಲ, ಬೆರಳಿನಿಂದ. ಚಳಿಗಾಲದ ಬೆಳಗ್ಗೆ ಮಕ್ಕಳ ಕೈ ತಣ್ಣಗಿರುತ್ತದೆ. ಕೈ ತೊಳೆಸಿ, ಉಜ್ಜಿಸಿ, ಒಂದು ನಿಮಿಷ ಕೆಳಗೆ ಇಳಿಬಿಡಲು ಹೇಳುತ್ತೇವೆ. ಉಂಗುರದ ಬೆರಳಿನ ತುದಿಗೆ ಚುಚ್ಚದೆ ಪಕ್ಕಕ್ಕೆ ಚುಚ್ಚುತ್ತೇವೆ, ಅಲ್ಲಿ ನೋವು ಕಮ್ಮಿ. ಸ್ಪಿರಿಟ್ ಪೂರ್ತಿ ಆರಬೇಕು. ಹಸಿ ಇದ್ದರೆ ರಕ್ತ ಅದರ ಜೊತೆ ಬೆರೆತು ಅಂಕಿ ಕೆಡುತ್ತದೆ. ಮೊದಲ ಹನಿಯನ್ನು ಒಣ ಹತ್ತಿಯಿಂದ ಒರೆಸಿಬಿಡಬೇಕು. ಆಮೇಲೆ ತಾನಾಗಿ ದುಂಡಗೆ ನಿಲ್ಲುವ ಹನಿಯನ್ನೇ ಯಂತ್ರದ ಪಟ್ಟಿಗೆ (ಸ್ಟ್ರಿಪ್) ಮುಟ್ಟಿಸಬೇಕು. ಬರಲಿಲ್ಲ ಅಂತ ಬೆರಳು ಹಿಂಡಿದರೆ ಚರ್ಮದೊಳಗಿನ ನೀರು ಬೆರೆತು 12 ಇದ್ದವಳಿಗೆ 10.5 ತೋರಿಸಬಹುದು. ಹಾಗೆ ಹಿಂಡಿಸಿಕೊಂಡ ಮಗುವಿಗೆ ಇನ್ನೊಂದು ಬೆರಳಿಗೆ ಹೊಸದಾಗಿ ಚುಚ್ಚಿ, ಮೊದಲ ಅಂಕಿಯನ್ನು ಬರೆಯಲೇಬೇಡಿ. ಸ್ಟ್ರಿಪ್‌ಗಳ ಡಬ್ಬಿಯನ್ನು ತೆಗೆದ ಕೂಡಲೇ ಮುಚ್ಚಬೇಕು, ತೇವ ತಾಕಿದರೆ ಇಡೀ ಡಬ್ಬಿ ಹಾಳು. ಚುಚ್ಚಿದ ಸೂಜಿಯನ್ನು ಬಿಳಿ ಗಟ್ಟಿ ಡಬ್ಬಿಗೆ, ರಕ್ತದ ಹತ್ತಿಯನ್ನು ಹಳದಿ ಚೀಲಕ್ಕೆ ಹಾಕಿ, ಎರಡನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾಪಸ್ ಒಯ್ಯಬೇಕು. ಶಾಲೆಯ ಕಸದ ಬುಟ್ಟಿಗೆ ಒಂದೂ ಬೀಳಬಾರದು, ಆ ಬುಟ್ಟಿ ಖಾಲಿ ಮಾಡುವವರು ಮಕ್ಕಳೇ.

100 ಮಿ.ಲೀ. ರಕ್ತಕ್ಕೆ ಇಷ್ಟು ಗ್ರಾಂ ಹಿಮೋಗ್ಲೋಬಿನ್ ಬೇಕು, 5ರಿಂದ 11 ವರ್ಷಕ್ಕೆ 11.5, 12ರಿಂದ 14ಕ್ಕೆ 12, ಅದರ ಮೇಲೆ ಹುಡುಗಿಯರಿಗೆ 12, ಹುಡುಗರಿಗೆ 13: ಇದಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 8ಕ್ಕಿಂತ ಕೆಳಗಿದ್ದರೆ ಶಾಲೆಯಲ್ಲಿ ಗುಳಿಗೆ ಕೊಡುತ್ತಾ ಕೂರುವಂತಿಲ್ಲ, ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. 10 ವರ್ಷ ದಾಟಿದವರಿಗೆ 8ರ ಮೇಲಿದ್ದು ಕಮ್ಮಿ ಇದ್ದರೆ ವೈದ್ಯರು ದಿನಕ್ಕೆ ಎರಡು ನೀಲಿ ಗುಳಿಗೆಯಂತೆ 3 ತಿಂಗಳು ಬರೆಯುತ್ತಾರೆ. ಆಗ ಸೋಮವಾರದ್ದು ಬೇರೆ ಬೇಡ. ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿದಾಗ 1 ಗ್ರಾಂ ಕೂಡ ಏರಿಲ್ಲ ಅಂದರೆ ಕಳಿಸಿಕೊಡಬೇಕು. ಕಳಿಸುವ ಮುಂಚೆ ಮೂರು ಪ್ರಶ್ನೆ ಕೇಳಿ: ಗುಳಿಗೆ ನಿಜಕ್ಕೂ ನುಂಗುತ್ತಿದ್ದಾಳಾ, ಚಹಾದ ಜೊತೆ ನುಂಗುತ್ತಿದ್ದಾಳಾ, ಮುಟ್ಟಿನ ರಕ್ತಸ್ರಾವ ಜಾಸ್ತಿ ಇದೆಯಾ? ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಆ ದಿನಗಳಲ್ಲಿ ಹೆಣ್ಣುಮಕ್ಕಳು ಹೊರಗೇ ಇರುತ್ತಾರೆ, ಶಾಲೆಗೂ ಬರುವುದಿಲ್ಲ, ಸೋಮವಾರ ತಪ್ಪುತ್ತದೆ. ಅಂಥವರಿಗೆ ತಪ್ಪಿದ್ದನ್ನು ಮರಳಿ ಬಂದ ದಿನ ಊಟದ ನಂತರ ಕೊಡಲು ಪಟ್ಟಿಯಲ್ಲಿ ಒಂದು ಖಾಲಿ ಕಾಲಂ ಇಟ್ಟಿದ್ದೇವೆ. ಯಾಕೆ ಬರಲಿಲ್ಲ ಅಂತ ತರಗತಿಯಲ್ಲಿ ಯಾರೂ ಕೇಳಬಾರದು.

ಕಣ್ಣಿನ ಪರೀಕ್ಷೆಗೆ ಬೇಕಾದ್ದು 6 ಮೀಟರ್ ಜಾಗ ಮತ್ತು ಬೆಳಕು, ಅಷ್ಟೇ. ವರಾಂಡದಲ್ಲಿ ಟೇಪಿನಿಂದ ಅಳೆದು ಪೇಂಟಿನಲ್ಲಿ ಗೆರೆ ಎಳೆದಿಟ್ಟರೆ ಪ್ರತಿ ಸಲ ಅಳೆಯುವುದು ತಪ್ಪುತ್ತದೆ. ಅಕ್ಷರದ ಚಾರ್ಟ್ ಹಾಕಿದರೆ ಸಾಲಿನಲ್ಲಿ ಕಾಯುವವರು ಬಾಯಿಪಾಠ ಮಾಡಿಬಿಡುತ್ತಾರೆ. ಇಂಗ್ಲಿಷಿನ 'ಇ' ನಾಲ್ಕು ದಿಕ್ಕಿಗೆ ತಿರುಗಿರುವ ಚಾರ್ಟ್ ಒಳ್ಳೆಯದು, ಮಗು ಬೆರಳು ತೋರಿಸಿದರೆ ಸಾಕು. ಕಣ್ಣನ್ನು ಬೆರಳಿನಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ. ಅಂಗೈ ಬಟ್ಟಲು ಮಾಡಿ, ಗುಡ್ಡೆ ಒತ್ತದಂತೆ ಮುಚ್ಚಿಸಿ. ಒತ್ತಿದರೆ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗಿ ಅದರ ಸರದಿ ಬಂದಾಗ ತಪ್ಪು ಫಲಿತಾಂಶ ಬರುತ್ತದೆ. 6/9 ಸಾಲು (ಸರಿಯಿರುವ ಕಣ್ಣಿಗೆ 9 ಮೀಟರಿನಿಂದಲೂ ಕಾಣುವ ಸಾಲು) ಕಾಣದಿದ್ದರೆ ರಟ್ಟಿನಲ್ಲಿ ಒಂದು ಮಿಲಿಮೀಟರ್ ತೂತು ಮಾಡಿ ಅದರಲ್ಲಿ ನೋಡಿಸಿ. ಆಗ ಕಂಡರೆ ಬಹುಪಾಲು ಕನ್ನಡಕದ ಕೇಸು. ಕಾಣದಿದ್ದರೆ ಒಳಗೆ ಬೇರೇನೋ ಇರಬಹುದು, ಕಣ್ಣಿನ ವೈದ್ಯರ ಹತ್ತಿರ ಬೇಗ ಕಳಿಸಬೇಕು. ಒಂದೇ ಕಣ್ಣು ಮಂದವಿರುವ ಮಗು ಎಂದೂ ದೂರು ಹೇಳುವುದಿಲ್ಲ, ಇನ್ನೊಂದರಲ್ಲಿ ಎಲ್ಲ ಕಾಣುತ್ತಿರುತ್ತದೆ. ಏಳೆಂಟು ವರ್ಷ ದಾಟಿದರೆ ಆ ಕಣ್ಣನ್ನು ತಿದ್ದುವುದು ಕಷ್ಟವಾಗುತ್ತಾ ಹೋಗುತ್ತದೆ. ಎಸ್ಸೆಸ್ಸೆಲ್ಸಿಯವರನ್ನು ಮೊದಲು ನೋಡಿ ಅನ್ನುವ ಒತ್ತಡ ಇದ್ದೇ ಇರುತ್ತದೆ, ನಾವು ಒಂದನೇ ತರಗತಿಯಿಂದಲೇ ಶುರು ಮಾಡುತ್ತೇವೆ.

ದಾವಣಗೆರೆ, ಚಿತ್ರದುರ್ಗ, ಈ ಎರಡು ಜಿಲ್ಲೆಗಳಲ್ಲಿ ಬಾಯಿ ತೆರೆಸಿದರೆ ನೀರಿನ ಫ್ಲೋರೈಡಿನ ಕಲೆ ಕಾಣುತ್ತದೆ. ಹುಳುಕು ಒಂದೆರಡು ಹಲ್ಲಿಗೆ ಹತ್ತಿ ಗುಳಿ ಮಾಡುತ್ತದೆ. ಫ್ಲೋರೈಡಿನದು ಎಡಬಲ ಜೋಡಿ ಹಲ್ಲುಗಳಲ್ಲಿ ಒಂದೇ ಥರ ಸುಣ್ಣದ ಗೆರೆ, ಮುಂದೆ ಕಂದು ಕಲೆ. ಉಜ್ಜಿದರೆ ಹೋಗುವುದಿಲ್ಲ. ಶಾಶ್ವತ ಹಲ್ಲುಗಳು ವಸಡಿನೊಳಗೆ ತಯಾರಾಗುವಾಗಲೇ ಆದದ್ದು ಅದು, ಆದ್ದರಿಂದ ಅಂಗನವಾಡಿಯ ವಯಸ್ಸಿನಿಂದಲೇ ನೀರು ಸರಿಯಿರಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಎಲ್ಲರೂ ಮರೆಯುವುದು ಅಡುಗೆಕೋಣೆಯನ್ನು. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ನೀರು ತರಿಸಿ, ಬೇಳೆ ಬೇಯಿಸಲು ಅನ್ನ ಮಾಡಲು ಕೊಳವೆಬಾವಿಯ ನೀರನ್ನೇ ಬಳಸಿದರೆ ಅದೂ ಮಗುವಿನ ಹೊಟ್ಟೆಗೇ ಹೋಗುತ್ತದೆ. ಅಡುಗೆಗೂ ಕ್ಯಾನ್ ಲೆಕ್ಕ ಹಾಕಿ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಬರೆಸಿ. ಫ್ಲೋರೈಡ್ ಮೂಳೆಗೂ ಹತ್ತುತ್ತದೆ. ಸೊಂಟ ಬಗ್ಗಿಸಿ ಕಾಲಬೆರಳು ಮುಟ್ಟುವುದು, ಗದ್ದ ಎದೆಗೆ ತಾಗಿಸುವುದು, ಎರಡೂ ಕೈ ತಲೆಯ ಹಿಂದೆ ಒಯ್ಯುವುದು, ಈ ಮೂರರಲ್ಲಿ ಬಿಗಿ ಕಂಡ ಮಗುವನ್ನು ಮೂಳೆ ವೈದ್ಯರಿಗೆ ತೋರಿಸಬೇಕು.

ಹಾಸ್ಟೆಲಿನ ಕಜ್ಜಿ ಒಬ್ಬರಿಗೆ ಔಷಧ ಕೊಟ್ಟರೆ ಹೋಗುವುದಿಲ್ಲ. ಒಂದೇ ರಾತ್ರಿ ಎಲ್ಲರೂ ಪರ್ಮೆಥ್ರಿನ್ 5% ಮುಲಾಮನ್ನು ಕತ್ತಿನಿಂದ ಪಾದದವರೆಗೆ, ಬೆರಳ ಸಂದಿ, ಉಗುರಡಿ ಬಿಡದೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಬೇಕು. ವಾರಕ್ಕೆ ಮತ್ತೊಮ್ಮೆ. ಹಾಸಿಗೆ ಬಟ್ಟೆಯನ್ನು ಅದೇ ಬೆಳಗ್ಗೆ ಬಿಸಿನೀರಿಗೆ ಹಾಕಿ. ತುರಿಕೆ ಎರಡು ಮೂರು ವಾರ ಉಳಿಯುತ್ತದೆ, ಅದಕ್ಕೆ ಹೆದರಿ ಮತ್ತೆ ಮತ್ತೆ ಹಚ್ಚುವುದು ಬೇಡ.

ಹದಿಹರೆಯದವರಿಗೆ ಎಲ್ಲಕ್ಕಿಂತ ಮುಖ್ಯ, ಕುರ್ಚಿ ಎಲ್ಲಿ ಹಾಕುತ್ತೀರಿ ಅನ್ನುವುದು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕೂತರೆ ಯಾರೂ ಬಾಯಿ ಬಿಡುವುದಿಲ್ಲ. ಗ್ರಂಥಾಲಯದ ಮೂಲೆ ಸಾಕು: ಬಾಗಿಲು ತೆರೆದಿರಬೇಕು, ಹೊರಗಿನವರಿಗೆ ಕಾಣಬೇಕು, ಮಾತು ಕೇಳಬಾರದು. ಮಗುವಿನ ಬೆನ್ನು ಬಾಗಿಲಿಗೆ ಇರಲಿ, ಅಳುವುದು ಯಾರಿಗೂ ಕಾಣದಿರಲಿ. ಹುಡುಗಿಯರ ಜೊತೆ ಮಹಿಳಾ ಸಿಬ್ಬಂದಿಯೇ ಮಾತಾಡಬೇಕು. ಎಲ್ಲರನ್ನೂ ಎತ್ತರ, ತೂಕಕ್ಕೆ ಅಂತ ಒಬ್ಬೊಬ್ಬರನ್ನಾಗಿ ಕರೆದರೆ ಯಾರು ಯಾತಕ್ಕೆ ಹೋದರು ಅನ್ನುವ ಗುಸುಗುಸು ಹುಟ್ಟುವುದಿಲ್ಲ. "ಯಾರಿಗೂ ಹೇಳಲ್ಲಮ್ಮ" ಅಂತ ಮಾತ್ರ ಮೊದಲೇ ಮಾತು ಕೊಡಬೇಡಿ. 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ನಿನಗೆ ಅಪಾಯ ಇರೋ ವಿಷಯ ಬಿಟ್ಟು ಉಳಿದಿದ್ದು ನಮ್ಮಲ್ಲೇ ಇರುತ್ತೆ" ಅಂತ ಶುರುವಿಗೇ ಹೇಳಿ. ಮದುವೆ ಗೊತ್ತುಮಾಡಿದ್ದಾರೆ ಅಂತ ಹುಡುಗಿ ಹೇಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದನ್ನು ನಾಳೆಗೆ ಇಡಬೇಡಿ. ಬೇಸಿಗೆ ರಜೆ ಹತ್ತಿರವಿದ್ದಾಗ ಇದು ಇನ್ನೂ ತುರ್ತು. ನಿಧಾನವಾಗಿ ಮುಂದುವರಿಸಬಹುದಾದ ಮಾತಿಗೆ ತಾಲ್ಲೂಕು ಆಸ್ಪತ್ರೆಯ ಹದಿಹರೆಯದವರ ಸ್ನೇಹ ಕ್ಲಿನಿಕ್‌ ಇದೆ, ಅಲ್ಲಿನ ಆಪ್ತಸಮಾಲೋಚಕರು ಕೂರುವ ದಿನ, ಹೊತ್ತು ಕೇಳಿಕೊಂಡು ಚೀಟಿಯಲ್ಲಿ ಬರೆದುಕೊಡಿ.

ಬರೀ ಚೀಟಿ ಕೊಟ್ಟರೆ ಮಗು ಆಸ್ಪತ್ರೆಗೆ ಹೋಗುವುದಿಲ್ಲ. ಮೆಕ್ಕೆಜೋಳ ಮುರಿಯುವಾಗ, ಶೇಂಗಾ ಕೀಳುವಾಗ ಒಂದು ದಿನದ ಕೂಲಿ ಬಿಟ್ಟು ದಾವಣಗೆರೆಗೋ ಚಿತ್ರದುರ್ಗಕ್ಕೋ ಯಾರು ಬರುತ್ತಾರೆ? ನಾಲ್ಕೈದು ಮಕ್ಕಳನ್ನು ಒಟ್ಟು ಮಾಡಿ, ಸಂಬಂಧಪಟ್ಟ ವೈದ್ಯರು ಇರುವ ದಿನ ಕೇಳಿ, ಆಶಾ ಕಾರ್ಯಕರ್ತೆಯ ಜೊತೆ ಒಂದೇ ಸಲ ಕಳಿಸುತ್ತೇವೆ. ಅವ್ವನ ಫೋನ್ ನಂಬರ್ ಇಲ್ಲದಿದ್ದರೆ ಪಕ್ಕದ ಮನೆಯವರದ್ದನ್ನು ಬರೆದುಕೊಳ್ಳುತ್ತೇವೆ. ರಿಜಿಸ್ಟರಿನಲ್ಲಿ 'ಕಳಿಸಿದೆ' ಅನ್ನುವುದಕ್ಕೆ ಒಂದು ಕಾಲಂ, 'ವೈದ್ಯರು ನೋಡಿದರು' ಅನ್ನುವುದಕ್ಕೆ ಇನ್ನೊಂದು, ಮೂರನೆಯದು 'ಕನ್ನಡಕ ಹಾಕಿಕೊಂಡಿದ್ದನ್ನು ನಾವೇ ಕಂಡೆವು' ಅನ್ನುವ ಥರದ್ದು. ಮೂರನೆಯದರಲ್ಲಿ ತಾರೀಕು ಬೀಳುವ ತನಕ ಹೆಸರು ಮುಂದಿನ ಪುಟಕ್ಕೆ ಹೋಗುತ್ತಲೇ ಇರುತ್ತದೆ. 7ನೇ ತರಗತಿ ಮುಗಿಸಿದ ಮಕ್ಕಳು ಬೇರೆ ಊರಿನ ಪ್ರೌಢಶಾಲೆಗೆ ಹೋಗುವಾಗ ಅರ್ಧ ಮುಗಿದ ಚಿಕಿತ್ಸೆಗಳು ಅಲ್ಲೇ ಕಳೆದುಹೋಗುತ್ತವೆ. ಅದಕ್ಕೆ ಟಿ.ಸಿ. ಬರೆಯುವ ದಿನ ಆರೋಗ್ಯ ಕಾರ್ಡಿನ ಒಂದು ಪ್ರತಿಯನ್ನು ಲಕೋಟೆಯಲ್ಲಿ ಮುಚ್ಚಿ, ಮೇಲೆ ಬರೀ ಹೆಸರು ಬರೆದು, ಅವ್ವನ ಕೈಗೇ ಕೊಡುತ್ತೇವೆ.