ಮನೆಮಂದಿ ಊಟದ ಮಧ್ಯೆನೇ ತೂಕ ಇಳಿಸೋದು ಹೇಗೆ?

ರಾತ್ರಿ ಎಲ್ಲರ ಊಟ ಮುಗಿದ್ಮೇಲೆ ಸಿಂಕ್ ಮುಂದೆ ನಿಂತ್ಕೊಂಡು ಮಗಳ ತಟ್ಟೇಲಿ ಉಳಿದ ನಾಲ್ಕು ತುತ್ತು ಬಾಯಿಗೆ ಹಾಕ್ಕೊಳ್ಳೋದು, ಪಾತ್ರೆ ತಳದಲ್ಲಿ ಒಂದು ಸೌಟು ಉಳಿದಿದ್ರೆ ಇಷ್ಟಕ್ಕೆ ಯಾಕೆ ಫ್ರಿಜ್ಜಲ್ಲಿಡೋದು ಅಂತ ಅದನ್ನೂ ಮುಗಿಸೋದು, ಇದನ್ನ ನಾನು ವರ್ಷಗಟ್ಟಲೆ ಮಾಡಿದೀನಿ. ಯಾರಾದ್ರೂ ಕೇಳಿದ್ರೆ "ಮೂರು ಹೊತ್ತು ಊಟ ಅಷ್ಟೇ, ಆದ್ರೂ ತೂಕ ಏರ್ತಾನೇ ಇದೆ" ಅಂತಿದ್ದೆ. ಸುಳ್ಳು ಹೇಳ್ತಿರ್ಲಿಲ್ಲ, ನಿಂತ್ಕೊಂಡು ತಿಂದಿದ್ದು ನನ್ನ ಲೆಕ್ಕಕ್ಕೇ ಬರ್ತಿರ್ಲಿಲ್ಲ. ಮನೆ ನಡೆಸೋರಿಗೆ ತೂಕ ಇಳಿಸೋದು ಕಷ್ಟ ಆಗೋದು ಹೆಚ್ಚಾಗಿ ಇಂಥ ಕಡೆನೇ. ಹಾಗಾಗಿ ತಮಗೆ ಮಾತ್ರ ಬೇರೆ ಅಡುಗೆ ಮಾಡ್ಕೊಳ್ಳೋ ಡಯಟ್ ಬಗ್ಗೆ ನಾನು ಇಲ್ಲಿ ಬರೀತಿಲ್ಲ, ಅದು ಬಹಳ ಮನೇಲಿ ಮೂರು ವಾರಕ್ಕೆ ನಿಂತು ಹೋಗತ್ತೆ. ಒಂದೇ ಒಲೆ, ಒಂದೇ ಪಾತ್ರೆ, ಎಲ್ಲರಿಗೂ ಅದೇ ಊಟ, ಅದರೊಳಗೇ ಏನು ಮಾಡ್ಬಹುದು ಅಂತ ನೋಡೋಣ.

ಶುರು ಮಾಡೋಕ್ ಮುಂಚೆ

ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ತಿರೋರು ಮೊದಲು ಡಾಕ್ಟ್ರ ಹತ್ರ ಮಾತಾಡಿ, ಊಟ ಕಮ್ಮಿ ಮಾಡಿ ಔಷಧಿ ಅಷ್ಟೇ ತಗೊಂಡ್ರೆ ಕೆಲವು ಔಷಧಿಗಳಲ್ಲಿ ಶುಗರ್ ತೀರಾ ಕೆಳಗಿಳಿದು ತಲೆಸುತ್ತು, ಬೆವರು, ಪ್ರಜ್ಞೆ ತಪ್ಪೋದು ಎಲ್ಲ ಆಗ್ಬಹುದು. ಗರ್ಭಿಣಿಯರು, ಎಳೆ ಮಗುಗೆ ಹಾಲು ಕೊಡ್ತಿರೋರು ತಾವಾಗೇ ಊಟ ಕಮ್ಮಿ ಮಾಡ್ಬಾರ್ದು. ಥೈರಾಯ್ಡ್ ತೊಂದರೆ, ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗಿ ಮುಟ್ಟು ಹಿಂದೆಮುಂದೆ ಆಗೋ ತೊಂದರೆ), ಸ್ಟೀರಾಯ್ಡ್ ಔಷಧಿ ಇವುಗಳಿಂದಲೂ ತೂಕ ಏರತ್ತೆ, ಏನೂ ಬದಲಾಗದೆ ತೂಕ ಮಾತ್ರ ಏರ್ತಿದೆ ಅನ್ಸಿದ್ರೆ ಅದನ್ನೂ ಚೆಕ್ ಮಾಡಿಸ್ಕೊಳ್ಳಿ.

ಆಮೇಲೆ ಒಂದು ಟೇಪು ತಗೊಂಡು ಹೊಕ್ಕುಳದ ಮಟ್ಟದಲ್ಲಿ ಸುತ್ತಳತೆ ನೋಡಿ, ಹೊಟ್ಟೆ ಒಳಗೆ ಎಳ್ಕೊಳ್ಳದೆ, ಉಸಿರು ಬಿಟ್ಮೇಲೆ. ಅದು ನಿಮ್ಮ ಎತ್ತರದ ಅರ್ಧಕ್ಕಿಂತ ಕಮ್ಮಿ ಇದ್ರೆ ಒಳ್ಳೇದು, ಅಂದ್ರೆ 160 ಸೆಂ.ಮೀ. ಎತ್ತರ ಇರೋರಿಗೆ 80ರ ಒಳಗೆ. ಗುರಿ ದೊಡ್ಡದು ಬೇಡ. 72 ಕೆ.ಜಿ. ಇರೋರು ಶೇ. 5 ಅಂದ್ರೆ ಮೂರೂವರೆ ಕೆ.ಜಿ. ಚಿಲ್ಲರೆ ಇಳಿಸಿದ್ರೂ ಬಿಪಿ, ಶುಗರ್ ಎರಡರಲ್ಲೂ ವ್ಯತ್ಯಾಸ ಕಾಣೋಕೆ ಶುರುವಾಗತ್ತೆ. ಮದುವೆ ಟೈಮಲ್ಲಿ ಎಷ್ಟಿದ್ದೆ ಅನ್ನೋ ನಂಬರ್ ಮರೆತುಬಿಡಿ.

ಒಂದು ವಾರ ಬರೀರಿ, ಏನೂ ಬದಲಾಯಿಸ್ಬೇಡಿ

ಮೊದಲ ವಾರ ಡಯಟ್ ಇಲ್ಲ. ಅಡುಗೆಮನೇಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಕೊಂಡು ಬಾಯಿಗೆ ಹೋಗಿದ್ದನ್ನೆಲ್ಲ ಆಗಿಂದಾಗ್ಗೆ ಬರೀರಿ, ರುಚಿ ನೋಡಿದ ಚಮಚ, ಮಗು ಬಿಟ್ಟ ಅರ್ಧ ಬಿಸ್ಕತ್, ಟೀ ಎಷ್ಟು ಸಲ, ಅದ್ರಲ್ಲಿ ಸಕ್ಕರೆ ಎಷ್ಟು ಚಮಚ. ರಾತ್ರಿ ಕೂತು ನೆನಪು ಮಾಡ್ಕೊಂಡು ಬರೆದ್ರೆ ಉಪಯೋಗ ಇಲ್ಲ, ನೆನಪಲ್ಲಿ ಉಳಿಯೋದು ಊಟ ಮಾತ್ರ. ನಾನು ಬರೆದಾಗ ಮೂರನೇ ದಿನದ ಪುಟದಲ್ಲಿ ಮೂರು ಹೊತ್ತಿನ ಊಟ ಬಿಟ್ಟು ಹನ್ನೊಂದು ಸಾಲು ಇತ್ತು, ಅದ್ರಲ್ಲಿ ಏಳು ಸಂಜೆ ಐದರಿಂದ ಎಂಟರ ಒಳಗಿನದು. ಅಲ್ಲಿವರೆಗೆ ನಾನು ರಾತ್ರಿ ಊಟ ಬಿಡ್ಬೇಕು ಅಂತ ಯೋಚನೆ ಮಾಡ್ತಿದ್ದೆ, ಆಗ ಗೊತ್ತಾಯ್ತು ನನಗೆ ಬೇಕಾಗಿದ್ದು ಸಂಜೆ ಐದಕ್ಕೆ ಸರಿಯಾಗಿ ಏನಾದ್ರೂ ತಿನ್ನೋದು ಅಂತ. ಆ ಹೊತ್ತಿಗೆ ಒಂದು ಬೇಯಿಸಿದ ಮೊಟ್ಟೆನೋ, ಒಂದು ಬಟ್ಟಲು ಬೇಯಿಸಿದ ಕಾಳೋ ಕೂತ್ಕೊಂಡು ತಿಂದ್ಮೇಲೆ ಒಲೆ ಮುಂದಿನ ಬಾಯಾಡಿಸೋದು ತಾನಾಗೇ ಅರ್ಧಕ್ಕಿಳೀತು.

ಸಕ್ಕರೆದೊಂದು ಲೆಕ್ಕ ಇಲ್ಲೇ ಹೇಳ್ಬಿಡ್ತೀನಿ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ, 16 ಕ್ಯಾಲರಿ. ಎರಡು ಚಮಚದ ಹಾಗೆ ನಾಲ್ಕು ಸಲ ಟೀ ಕುಡಿದ್ರೆ 32 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಮೇಲಿಂದ ಹಾಕೋ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ರೆ ಇನ್ನೂ ಒಳ್ಳೇದು ಅಂತ, ಇಲ್ಲಿ ಬರೀ ಟೀಲೇ ಅದು ದಾಟಿಹೋಯ್ತು. ಒಂದೇ ಸಲಕ್ಕೆ ಬಿಡೋಕಾಗಲ್ಲ, ವಾರಕ್ಕೆ ಅರ್ಧ ಚಮಚ ಕಮ್ಮಿ ಮಾಡ್ತಾ ಹೋದ್ರೆ ನಾಲಿಗೆ ಒಗ್ಗಿಕೊಳ್ಳತ್ತೆ. ಜ್ಯೂಸ್ ಬದಲು ಹಣ್ಣು, ಯಾಕಂದ್ರೆ ಜ್ಯೂಸಲ್ಲಿ ನಾರು ಹೋಗಿ ಸಿಹಿ ಮಾತ್ರ ಉಳಿಯತ್ತೆ.

ಎಣ್ಣೆ ಡಬ್ಬದ ಮೇಲೆ ತಾರೀಕು ಬರೀರಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾಡ್ತೀನಿ ಅಂದ್ರೆ ಇದನ್ನ ಮಾಡಿ. ಹೊಸ ಎಣ್ಣೆ ಒಡೆದ ದಿನ ಮಾರ್ಕರ್ ತಗೊಂಡು ಡಬ್ಬದ ಮೇಲೆ ತಾರೀಕು ಹಾಕಿ, ಖಾಲಿಯಾದ ದಿನ ಎಷ್ಟು ದಿನ ಬಂತು ಎಣಿಸಿ. ಕೊಬ್ಬು ಯಾವ್ದೇ ಆಗ್ಲಿ ಒಂದು ಗ್ರಾಂಗೆ 9 ಕ್ಯಾಲರಿ, ಹಿಟ್ಟು, ಸಕ್ಕರೆ, ಪ್ರೋಟೀನ್ ಎಲ್ಲಾ 4. ನಾಲ್ಕು ಜನದ ಮನೇಲಿ ಒಂದು ಲೀಟರ್ ಹತ್ತು ದಿನ ಬಂದ್ರೆ ಒಬ್ಬರಿಗೆ ದಿನಕ್ಕೆ 25 ಮಿ.ಲೀ., ಅಂದ್ರೆ ಐದು ಟೀ ಚಮಚ, ಸುಮಾರು 200 ಕ್ಯಾಲರಿ. ಅದೇ ಲೀಟರ್ ಹದಿನೈದು ದಿನ ಬರೋ ಹಾಗೆ ಮಾಡಿದ್ರೆ ಒಬ್ಬೊಬ್ಬರಿಗೆ 70 ಕ್ಯಾಲರಿ ಹತ್ರ ಕಮ್ಮಿ ಆಗತ್ತೆ, ಯಾರ ತಟ್ಟೇಲೂ ಊಟ ಕಮ್ಮಿ ಆಗಿರಲ್ಲ, ಯಾರೂ ಡಯಟ್ ಮಾಡ್ತಿದೀವಿ ಅಂತ ಅಂದ್ಕೊಂಡಿರಲ್ಲ.

ಮಾಡೋದು ಹೇಗಂದ್ರೆ, ಡಬ್ಬದಿಂದ ನೇರವಾಗಿ ಬಾಣಲೆಗೆ ಸುರಿಯೋದು ಬಿಟ್ಟು ಚಮಚದಲ್ಲೇ ಹಾಕೋದು. ಕೈ ಅಂದಾಜು ಅನ್ನೋದು ಮೋಸ ಮಾಡತ್ತೆ, ನಾನು ಒಂದ್ ಸಂಜೆ ಯಾವಾಗಿನ ಹಾಗೆ ಸುರಿಯೋಷ್ಟನ್ನ ಮೊದಲು ಒಂದು ಲೋಟಕ್ಕೆ ಸುರಿದು, ಅಲ್ಲಿಂದ ಚಮಚದಲ್ಲಿ ಎತ್ತಿ ಎತ್ತಿ ಬಾಣಲೆಗೆ ಹಾಕಿ ನೋಡ್ದೆ, ಮೂರು ಚಮಚ ಅಂದ್ಕೊಂಡಿದ್ದು ಎಂಟಿತ್ತು. ಐದಕ್ಕಿಳಿಸಿದ ದಿನ ಮನೇಲಿ ಯಾರಿಗೂ ರುಚಿಲಿ ಗೊತ್ತಾಗ್ಲಿಲ್ಲ, ಮೂರಕ್ಕಿಳಿಸಿದ ದಿನ ಅತ್ತೆ ಕೇಳಿದ್ರು, ಹಾಗಾಗಿ ನಾಲ್ಕರಲ್ಲಿ ನಿಲ್ಲಿಸಿದೀವಿ. ಈಗ ಡಬ್ಬದ ಮೇಲೆ ತಾರೀಕು ಬರೆಯೋದು ಮಗಳ ಕೆಲಸ.

ತಟ್ಟೆ

ಬಡಿಸೋ ಕ್ರಮ ಬದಲಾಯಿಸಿ. ಅರ್ಧ ತಟ್ಟೆ ತರಕಾರಿ ಮೊದಲು ಹಾಕ್ಕೊಳ್ಳಿ, ಕಾಲು ಭಾಗ ಬೇಳೆಕಾಳೋ ಮೊಟ್ಟೆನೋ ಮೀನೋ ಮಾಂಸನೋ ನಿಮ್ಮನೇಲಿ ಏನು ನಡೆಯತ್ತೋ ಅದು, ಉಳಿದ ಕಾಲಲ್ಲಿ ಅನ್ನ ಅಥವಾ ರೊಟ್ಟಿ. ಪ್ರೋಟೀನ್ ಇದ್ರೆ ಹೊಟ್ಟೆ ತುಂಬಾ ಹೊತ್ತು ತುಂಬಿದ ಹಾಗಿರತ್ತೆ, ತೂಕ ಇಳಿಯೋವಾಗ ಮಾಂಸಖಂಡ ಕರಗೋದೂ ಕಮ್ಮಿ. ಪಾತ್ರೆಗಳನ್ನ ಊಟದ ಜಾಗಕ್ಕೆ ತರ್ಬೇಡಿ, ಎದ್ದು ಹೋಗಿ ಹಾಕ್ಕೊಳ್ಳೋ ಹಾಗಿದ್ರೆ ಎರಡನೇ ಸಲ ಬೇಕಾ ಅಂತ ಒಂದು ಕ್ಷಣ ಯೋಚಿಸೋಕೆ ಸಿಗತ್ತೆ. ಹೊಟ್ಟೆ ತುಂಬಿದ್ದು ಮೆದುಳಿಗೆ ಗೊತ್ತಾಗೋಕೆ ಸುಮಾರು ಇಪ್ಪತ್ತು ನಿಮಿಷ ಬೇಕು, ಎಲ್ಲರಿಗೂ ಬಡಿಸಿ ಕೊನೇಲಿ ಐದು ನಿಮಿಷದಲ್ಲಿ ಗಬಗಬ ತಿನ್ನೋರಿಗೆ ಆ ಸುದ್ದಿ ತಲುಪೋದೇ ಊಟ ಮುಗಿದ್ಮೇಲೆ. ಎಲ್ಲರ ಜೊತೆ ಕೂತ್ಕೊಂಡೇ ಊಟ ಮಾಡಿ, ಇದನ್ನ ಮನೇಲಿ ಬಾಯಿಬಿಟ್ಟು ಕೇಳಿ, ಕೇಳೋಕೆ ಸಂಕೋಚ ಪಡ್ಬೇಡಿ.

ಮಕ್ಕಳು ಬಿಟ್ಟಿದ್ದಕ್ಕೆ ನಮ್ಮನೇಲಿ ಕಂಡ್ಕೊಂಡ ದಾರಿ ಇಷ್ಟು: ಮೊದಲು ಸ್ವಲ್ಪ ಬಡಿಸಿ, ಬೇಕಂದ್ರೆ ಮತ್ತೆ ಹಾಕಿ. ಆಗ ಬಿಡೋದೇ ಕಮ್ಮಿ. ಪಾತ್ರೇಲಿ ಉಳಿದಿದ್ದು ಸೀದಾ ಡಬ್ಬಿಗೆ, ಫ್ರಿಜ್ಜಿಗೆ, ಎಷ್ಟೇ ಸ್ವಲ್ಪ ಇದ್ರೂ. ಆಹಾರ ಚೆಲ್ಲಬಾರ್ದು ಅನ್ನೋದು ಸರಿ, ಆದ್ರೆ ಬೇಡದಿದ್ರೂ ನಮ್ಮ ಹೊಟ್ಟೆಗೆ ಹಾಕ್ಕೊಂಡ್ರೆ ಅದು ಉಳಿತಾಯ ಅಲ್ಲ.

ಮನೆಯವರ ಹತ್ರ ಏನು ಕೇಳ್ಬೇಕು

"ನಾನು ತೂಕ ಇಳಿಸ್ತಿದೀನಿ, ಸಹಕಾರ ಕೊಡಿ" ಅಂದ್ರೆ ಯಾರಿಗೂ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ. ಬಿಡಿಸಿ ಕೇಳಿ. ಬಿಸ್ಕತ್ ಪ್ಯಾಕೆಟ್ ಮೇಲಿನ ಶೆಲ್ಫಲ್ಲಿ ಇಡಿ, ಸಂಜೆ ಏಳರಿಂದ ಏಳೂವರೆ ಮಕ್ಕಳನ್ನ ನೀವು ನೋಡ್ಕೊಳ್ಳಿ ನಾನು ನಡೆದು ಬರ್ತೀನಿ, ಇನ್ನೊಂದ್ ಸ್ವಲ್ಪ ಹಾಕ್ಕೋ ಅಂತ ಒತ್ತಾಯ ಮಾಡ್ಬೇಡಿ, ಹೀಗೆ. ಒತ್ತಾಯ ಮಾಡೋರು ಪ್ರೀತಿಗೇ ಮಾಡೋದು, ಅದಕ್ಕೆ ಬೇಡ ಅನ್ನೋ ಬದಲು "ನಾಳೆ ಬೆಳಿಗ್ಗೆಗೆ ಎತ್ತಿಡಿ, ತಿಂತೀನಿ" ಅನ್ನಿ, ಅವರಿಗೂ ಬೇಜಾರಾಗಲ್ಲ.

ಒಂದು ಮಾತು ತುಂಬಾ ಮುಖ್ಯ ಅನ್ಸತ್ತೆ ನಂಗೆ. ಮಕ್ಕಳ ಮುಂದೆ "ನಾನು ದಪ್ಪ, ನೋಡೋಕೆ ಚೆನ್ನಾಗಿಲ್ಲ" ಅಂತ ಹೇಳ್ಬೇಡಿ, ಅವರ ಮೈ ಬಗ್ಗೆ ಅಂತೂ ಬೇಡವೇ ಬೇಡ. ಬೆಳೆಯೋ ಮಕ್ಕಳನ್ನ ನಮ್ಮ ಜೊತೆ ಡಯಟ್‌ಗೆ ಹಾಕೋದಲ್ಲ, ಅವರ ತೂಕದ ಚಿಂತೆ ಇದ್ರೆ ಮಕ್ಕಳ ಡಾಕ್ಟ್ರನ್ನ ಕೇಳಿ.

ಓಡಾಟ, ನಿದ್ದೆ

ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆ ಥರದ್ದು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡೋ ವ್ಯಾಯಾಮ, ದೊಡ್ಡವರಿಗೆ ಇಷ್ಟು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಒಟ್ಟಿಗೇ ಟೈಮ್ ಸಿಗ್ಬೇಕು ಅಂತಿಲ್ಲ, ಹತ್ತತ್ತು ನಿಮಿಷ ಆದ್ರೂ ಲೆಕ್ಕಕ್ಕೆ ಬರತ್ತೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗ್ಲೇಬೇಕು ಅನ್ನೋ ಒತ್ತಡ ಬೇಡ, ಆ ಸಂಖ್ಯೆ ಜನಪ್ರಿಯ ಆಗಿದ್ದು 1965ರಲ್ಲಿ ಜಪಾನಲ್ಲಿ ಬಂದ ಒಂದು ಹೆಜ್ಜೆ ಎಣಿಸೋ ಯಂತ್ರದ ಹೆಸರಿಂದ. ಈಗ ಮೂರು ಸಾವಿರ ನಡೀತಿದ್ರೆ ನಾಲ್ಕೂವರೆ ಮಾಡಿ, ಆಮೇಲೆ ಆರು. ಬಲ ಕೊಡೋದಕ್ಕೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ದೂಡೋದು ಸಾಕು. ಆದ್ರೆ ಅರ್ಧ ಗಂಟೆ ನಡೆದ್ರೆ ಖರ್ಚಾಗೋದು ಹೆಚ್ಚುಕಮ್ಮಿ 100-150 ಕ್ಯಾಲರಿ, ಮೂರು ಟೀ ಚಮಚ ಎಣ್ಣೆಯಷ್ಟು. ನಡೆದು ಬಂದಿದೀನಲ್ಲ ಅಂತ ತಿಂದ್ರೆ ಅಲ್ಲಿಗಲ್ಲಿಗೆ ಸರಿಹೋಗತ್ತೆ.

ನಿದ್ದೆ ಕಮ್ಮಿ ಆದ್ರೆ ಹಸಿವು ಹೆಚ್ಚಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಏರತ್ತೆ, ಸಾಕು ಅನ್ನಿಸೋ ಲೆಪ್ಟಿನ್ ಅನ್ನೋ ಹಾರ್ಮೋನ್ ಇಳಿಯತ್ತೆ. ಎಳೆ ಮಗು ಇರೋ ಮನೇಲಿ ಏಳು ಗಂಟೆ ನಿದ್ದೆ ಸಿಗೋದು ಕನಸು, ಅಂಥ ತಿಂಗಳುಗಳಲ್ಲಿ ತೂಕ ಏರದೆ ನಿಂತ್ರೆ ಅದೇ ದೊಡ್ಡದು.

ತೂಕದ ಮಷೀನ್ ಹತ್ತೋದು

ವಾರಕ್ಕೊಂದು ಸಲ, ಒಂದೇ ದಿನ, ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದ್ಮೇಲೆ, ತಿಂಡಿಗೆ ಮುಂಚೆ. ದಿನಾ ನೋಡಿದ್ರೆ ಉಪ್ಪು ಜಾಸ್ತಿ ಆಗಿದ್ದಕ್ಕೆ, ಮುಟ್ಟಿನ ದಿನಗಳಿಗೆ ಒಂದು ಒಂದೂವರೆ ಕೆ.ಜಿ. ಹಿಂದೆಮುಂದೆ ಆಗತ್ತೆ, ಸುಮ್ನೆ ಮನಸು ಕೆಡತ್ತೆ. ಮೊದಲ ವಾರ ಎರಡು ಕೆ.ಜಿ. ಇಳಿದ್ರೆ ಅದ್ರಲ್ಲಿ ಹೆಚ್ಚಿಂದು ನೀರು, ಎರಡನೇ ವಾರ ಕಮ್ಮಿ ಇಳಿದಾಗ ಗಾಬರಿ ಆಗ್ಬೇಡಿ. ಒಂದು ಕೆ.ಜಿ. ಕೊಬ್ಬಲ್ಲಿ ಸುಮಾರು 7,700 ಕ್ಯಾಲರಿ ಇರತ್ತೆ, ದಿನಕ್ಕೆ 500 ಕಮ್ಮಿ ಮಾಡಿದ್ರೂ ಒಂದು ಕೆ.ಜಿ.ಗೆ ಹದಿನೈದು ದಿನ ಬೇಕು. ವಾರಕ್ಕೆ ಅರ್ಧ ಕೆ.ಜಿ. ಒಳ್ಳೇ ವೇಗ. ಉಪವಾಸ ಬಿದ್ದು ಬೇಗ ಇಳಿಸಿದ್ರೆ ಪಿತ್ತಕೋಶದಲ್ಲಿ ಕಲ್ಲಾಗೋ ಅಪಾಯ ಇದೆ, ದಿನಕ್ಕೆ 800 ಕ್ಯಾಲರಿಗಿಂತ ಕೆಳಗಿನ ಡಯಟ್ ಡಾಕ್ಟ್ರ ಕಣ್ಗಾವಲು ಇಲ್ಲದೆ ಮಾಡೋದಲ್ಲ.

ಕೆಲವು ತಿಂಗಳಾದ್ಮೇಲೆ ತೂಕ ನಿಂತ ಕಡೆನೇ ನಿಲ್ಲತ್ತೆ. ಮೈ ಹಗುರಾದ್ಮೇಲೆ ಅದಕ್ಕೆ ಬೇಕಾಗೋ ಶಕ್ತಿನೂ ಕಮ್ಮಿ, ಹಾಗಾಗಿ ಮೊದಲು ಇಳಿಸ್ತಿದ್ದ ಊಟ ಈಗ ಬರೀ ಸಮ ಮಾಡತ್ತೆ. ಆಗ ಊಟ ಇನ್ನೂ ಕಡಿಯೋಕ್ ಮುಂಚೆ ನೋಟ್‌ಬುಕ್ ಮತ್ತೆ ತೆಗೆದು ಒಂದು ವಾರ ಬರೆದು ನೋಡಿ, ಚಮಚದ ಅಳತೆ ತಪ್ಪಿ ಮತ್ತೆ ಡಬ್ಬದಿಂದ ಸುರಿಯೋಕೆ ಶುರು ಮಾಡಿರ್ತೀವಿ, ಸಿಂಕ್ ಮುಂದಿನ ತುತ್ತು ವಾಪಸ್ ಬಂದಿರತ್ತೆ. ಗುರಿ ಮುಟ್ಟಿದ್ಮೇಲೂ ವಾರಕ್ಕೊಂದು ಸಲ ತೂಕ ನೋಡೋದು ಬಿಡ್ಬೇಡಿ. ಸತತ ಎರಡು ವಾರ ಎರಡು ಕೆ.ಜಿ. ಮೇಲೆ ತೋರಿಸಿದ್ರೆ, ಐದಾರು ಕೆ.ಜಿ. ಆಗೋವರೆಗೆ ಕಾಯದೆ ಅವತ್ತೇ ಮತ್ತೆ ನೋಟ್‌ಬುಕ್ ತೆಗೀರಿ.