ಎದೆ ಡವಡವಕ್ಕೆ ಹಾಸ್ಟೆಲ್ ಒಲೆ ಮೇಲೆ ಚೀನೀ ಕಷಾಯ, ನನ್ನ ಅನುಭವ

ನಾನ್‌ಜಿಂಗ್‌ನಲ್ಲಿ ಚೀನೀ ವೈದ್ಯ ಓದ್ತಿದ್ದಾಗ ಎಕ್ಸಾಮ್ ಟೈಮಲ್ಲಿ ನಂಗೇ ಶುರುವಾಯ್ತು, ರಾತ್ರಿ ಎಡಮಗ್ಗುಲಿಗೆ ಮಲಗಿದ್ರೆ ಎದೆ ಡವಡವ ಹೊಡ್ಕೊಳ್ಳೋದು, ಮಧ್ಯೆ ಒಂದು ಬಡಿತ ತಪ್ಪಿ ಆಮೇಲಿನದು ಧಡ್ ಅಂತ ಗುದ್ದೋದು. ಮೊದ್ಲು ಇಸಿಜಿ, ಹೋಲ್ಟರ್ (ದಿನವಿಡೀ ಬಡಿತ ರೆಕಾರ್ಡ್ ಮಾಡೋ ಯಂತ್ರ), ಥೈರಾಯ್ಡ್, ಪೊಟ್ಯಾಸಿಯಂ ಎಲ್ಲಾ ಮಾಡಿಸ್ದೆ, ಎಕ್ಸ್‌ಟ್ರಾ ಬೀಟ್ಸ್ ಇದೆ ಅಷ್ಟೇ, ಹಾರ್ಟ್ ಚೆನ್ನಾಗಿದೆ ಅಂದ್ರು. ಇದಿಷ್ಟು ಮಾಡಿಸದೇನೇ ಯಾರೂ ಕಷಾಯಕ್ಕೆ ಕೈ ಹಾಕ್ಬೇಡಿ.

ನಮ್ಮ ಮೇಷ್ಟ್ರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ತುಂಬಾ ಹೊತ್ತು ಮಾತಾಡ್ದೆ ಕೂತ್ರು. ನಾಡಿ ನಿಧಾನವಾಗಿದ್ದು ಯಾವಾಗ್ಯಾವಾಗ್ಲೋ ತಪ್ಪಿದ್ರೆ 'ಜಿಯೆ', ಇಂತಿಷ್ಟು ಬಡಿತಕ್ಕೊಂದು ಅಂತ ಲೆಕ್ಕದಲ್ಲಿ ತಪ್ಪಿದ್ರೆ 'ದೈ'. ಈ ಎರಡು ನಾಡಿ ಜೊತೆಗೆ ಎದೆ ಹೊಡ್ಕೊಂಡ್ರೆ ಅಂತ ಝಾಂಗ್ ಝೋಂಗ್‌ಜಿಂಗ್ ಅನ್ನೋ ಚೀನೀ ವೈದ್ಯ ಸುಮಾರು 1800 ವರ್ಷದ ಹಿಂದೆ ಬರೆದಿಟ್ಟ ಝಿ ಗಾನ್ ತ್ಸಾವ್ ಥಾಂಗ್ ಅನ್ನೋ ಅತಿಮಧುರದ ಕಷಾಯಾನೇ ಬರ್ಕೊಟ್ರು. ಒಂಬತ್ತು ಸಾಮಾನು: ಹುರಿದ ಅತಿಮಧುರ, ಶುಂಠಿ, ಜಿನ್‌ಸೆಂಗ್, ದಾಲ್ಚಿನ್ನಿ ಜಾತಿ ಮರದ ಎಳೇ ಕಡ್ಡಿ, ಕೆಂಪು ಬೋರೆಹಣ್ಣು, ಶೆಂಗ್ ದಿ ಅನ್ನೋ ಬೇರು, ಮೈ ದೋಂಗ್ ಗಡ್ಡೆ, ಗಾಂಜಾ ಗಿಡದ ಬೀಜ (ನಶೆ ಏನೂ ಬರಲ್ಲ, ಫ್ರೆಂಡ್ಸ್ ಆಸೆಯಿಂದ ಕೇಳಿದ್ರು), ಕೊನೇಗೆ ಕತ್ತೆ ಚರ್ಮ ಬೇಯಿಸಿ ಮಾಡೋ ಅಂಟು, ಅ-ಜಿಯಾವ್. ಮೂಲದಲ್ಲಿ ಬೋರೆಹಣ್ಣೇ ಎಣಿಸಿ 30, ಅತಿಮಧುರ 4 ಲಿಯಾಂಗ್ (ಹಳೇ ಚೀನೀ ತೂಕ). ಆ ಕಾಲದ ಲಿಯಾಂಗ್ ಈಗಿನ ಎಷ್ಟು ಗ್ರಾಮ್ ಅನ್ನೋದು ಇನ್ನೂ ಮುಗೀದ ಜಗಳ, ನಂಗೆ ಕೊಟ್ಟಿದ್ದು 12 ಗ್ರಾಮ್.

ಇದನ್ನ ಬರೀ ನೀರಲ್ಲಿ ಕುದಿಸಲ್ಲ. 7 ಪಾಲು ಅಕ್ಕಿ ಮದ್ಯ, 8 ಪಾಲು ನೀರು, ಎಲ್ಲಾ ಬತ್ತಿ 3 ಪಾಲಿಗೆ ಬರ್ಬೇಕು. ಮಣ್ಣಿನ ಪಾತ್ರೆ ತಂದೆ, ಶಾವೊಶಿಂಗ್ ಮದ್ಯ ಸುರಿದೆ, ಕಾರಿಡಾರ್ ಪೂರ್ತಿ ಸಾರಾಯಿ ಅಂಗಡಿ ವಾಸನೆ. ಪೆದ್ದತನ ಮಾಡಿದ್ದು ಏನಂದ್ರೆ ಅ-ಜಿಯಾವ್‌ನೂ ಉಳಿದಿದ್ದರ ಜೊತೇಲೇ ಹಾಕ್ಬಿಟ್ಟೆ, ಅದು ತಳಕ್ಕೆ ಹೋಗಿ ಕಚ್ಕೊಂಡು ಸೀದು, ಕೂದ್ಲು ಸುಟ್ಟ ಹಾಗೆ ನಾತ, ಪಾತ್ರೆ ಎಸೆಯೋದೇ ಆಯ್ತು. ಕಷಾಯ ಸೋಸಿಕೊಂಡು ಆಮೇಲೆ ಬಿಸೀಲಿ ಅಂಟು ಹಾಕಿ ಕರಗೋವರೆಗೂ ತಿರುಗಿಸ್ತಾ ಇರ್ಬೇಕು, ಕ್ಲಾಸಲ್ಲಿ ಹೇಳ್ಕೊಟ್ಟಿದ್ರು ಕೂಡ.

ದಿನಕ್ಕೆ ಮೂರು ಸಲ ಬೆಚ್ಚಗೆ ಕುಡ್ದೆ. ಸಿಹಿ, ಜಿಗುಟು, ಹೊಟ್ಟೆ ಸ್ವಲ್ಪ ಸಡಿಲ. ಹತ್ತು ದಿನಕ್ಕೆ ಗುದ್ದೋದು ಕಮ್ಮಿ ಆಯ್ತು, ಆದ್ರೆ ಅಷ್ಟೊತ್ತಿಗೆ ಎಕ್ಸಾಮೂ ಮುಗಿದಿತ್ತು ಕಾಫೀನೂ ಬಿಟ್ಟಿದ್ದೆ, ಹಾಗಾಗಿ ಕಷಾಯದಿಂದ್ಲೇ ಅಂತ ಎದೆ ತಟ್ಟಿ ಹೇಳಲ್ಲ. ಎರಡನೇ ವಾರ ಸಾಕ್ಸ್ ತೆಗೆದ್ರೆ ಗುರುತು ಹಾಗೇ ಉಳೀತಿತ್ತು. ಅತಿಮಧುರ ಮೈಯಲ್ಲಿ ನೀರು ಹಿಡಿಸುತ್ತೆ, ಬಿಪಿ ಏರಿಸುತ್ತೆ, ಪೊಟ್ಯಾಸಿಯಂ ಇಳಿಸುತ್ತೆ, ಪೊಟ್ಯಾಸಿಯಂ ಇಳಿದ್ರೆ ಬಡಿತ ಇನ್ನೂ ಹದಗೆಡುತ್ತೆ, ಡಿಗಾಕ್ಸಿನ್ ಅನ್ನೋ ಹಾರ್ಟ್ ಮಾತ್ರೆ ತಗೊಳ್ಳೋರಿಗಂತೂ ಅಪಾಯವೇ. ಮೇಷ್ಟ್ರಿಗೆ ಕಾಲು ತೋರಿಸ್ದೆ, ಬೆರಳಿಂದ ಒತ್ತಿ ನೋಡಿ ಅವತ್ತೇ ನಿಲ್ಲಿಸಿದ್ರು.