ಮಾಕಾ ಪುಡಿ ದಿನಾ ತಗೊಳ್ಳೋ ಮೊದಲು, ತಗೊಳ್ಳುವಾಗ

ನಾನು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಒಂದು ಮೆಡಿಕಲ್ ಅಂಗಡಿಯಲ್ಲಿ ಫಾರ್ಮಸಿಸ್ಟ್. ಇತ್ತೀಚೆಗೆ ನಮ್ಮ ಧಾರವಾಡ, ಗದಗದ ಕಡೆಯವರೂ ಕೌಂಟರಿಗೆ ಬಂದು ಫೋನ್ ಮುಂದೆ ಹಿಡಿದು "ಅಕ್ಕಾರ, ಈ ಮಾಕಾ ಪೌಡರ್ ಐತೇನ್ರಿ?" ಅಂತ ಕೇಳುತ್ತಾರೆ. ಲೈಂಗಿಕ ಶಕ್ತಿಗೆ, ಸುಸ್ತಿಗೆ ಅಂತ ಮಾರುವ ಈ ಪುಡಿಯನ್ನು ಗಂಡಸರು ದನಿ ತಗ್ಗಿಸಿ ಕೇಳಿದರೆ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರು ನೇರವಾಗಿಯೇ ಕೇಳುತ್ತಾರೆ. ಇಬ್ಬರಿಗೂ ನಾನು ಮೊದಲು ಕೇಳೋದು ಒಂದೇ: "ಥೈರಾಯ್ಡ್ ಗುಳಿಗಿ ನಡದೈತೇನ್ರಿ?"

ಮಾಕಾ ಅಂದರೆ ಪೆರು ದೇಶದ ಹುನಿನ್ ಪ್ರಸ್ಥಭೂಮಿಯಲ್ಲಿ, 4000 ಮೀಟರಿಗೂ ಎತ್ತರದ ಕೊರೆಯುವ ಚಳಿಯಲ್ಲಿ ಬೆಳೆಯುವ ಗಡ್ಡೆ. ಸಾಸಿವೆ, ಮೂಲಂಗಿ, ಎಲೆಕೋಸಿನ ಕುಲದ್ದು. ನಮ್ಮಲ್ಲಿ ಬಾಣಂತಿಗೆ ಪಾಯಸ ಮಾಡಿಕೊಡುವ ಅಳವಿ, ಇಲ್ಲಿಯ ಮರಾಠಿ ಮನೆಗಳಲ್ಲಿ ಲಾಡು ಕಟ್ಟುವ ಅಳೀವ್, ಅದೂ ಮಾಕಾದ ಹಾಗೆ ಲೆಪಿಡಿಯಂ ಜಾತಿಯ ಗಿಡವೇ. ಈ ಕುಲದ ತರಕಾರಿಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಅಂಶವಿರುತ್ತದೆ. ಹಸಿಯಾಗಿ ಜಾಸ್ತಿ ಹೊಟ್ಟೆಗೆ ಹೋದರೆ, ಅದರಲ್ಲೂ ಅಯೋಡಿನ್ ಕಡಿಮೆ ಇದ್ದವರಲ್ಲಿ, ಅದು ಥೈರಾಯ್ಡ್ ಕೆಲಸಕ್ಕೆ ಅಡ್ಡ ಬರಬಹುದು. ಅದಕ್ಕೇ ಥೈರಾಯ್ಡ್ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಸ್ತನ, ಗರ್ಭಕೋಶದಂಥ ಹಾರ್ಮೋನ್ ಸಂಬಂಧಿ ಕ್ಯಾನ್ಸರ್ ಆಗಿದ್ದವರಿಗೂ ಇದೇ ಮಾತು. ಬಸುರಿಯರು, ಮೊಲೆಯೂಡಿಸುವವರು ಬೇಡವೇ ಬೇಡ.

ಪೆರುವಿನ ಜನ ಈ ಗಡ್ಡೆಯನ್ನು ಒಣಗಿಸಿ, ಆಮೇಲೆ ಬೇಯಿಸಿ ಗಂಜಿ ಮಾಡಿ ಉಣ್ಣುತ್ತಾರೆ. ನಾವೂ ಬೆಂದ ಪುಡಿಯನ್ನೇ ಕೊಳ್ಳೋದು ಒಳ್ಳೇದು. ಪೊಟ್ಟಣದ ಮೇಲೆ 'ಜೆಲಟಿನೈಸ್ಡ್' ಅಂತ ಬರೆದಿದ್ದರೆ, ಬಿಸಿ ಮತ್ತು ಒತ್ತಡ ಕೊಟ್ಟು ಅದರ ಪಿಷ್ಟವನ್ನು ಬೇಯಿಸಿದ್ದಾರೆ ಅಂತ ತಿಳಿಯಿರಿ. ಹಸಿ ಪುಡಿಗಿಂತ ಇದು ಹೊಟ್ಟೆಗೆ ಹಗುರ, ಗ್ಯಾಸ್ ಕಡಿಮೆ. ಪ್ರಾಣಿಜನ್ಯ ಜೆಲಟಿನ್ ಇದರಲ್ಲಿಲ್ಲ. ಕ್ಯಾಪ್ಸೂಲ್ ಕೊಳ್ಳುವವರು ಮಾತ್ರ ಹೊರಗಿನ ಕವಚ ಯಾವುದರದ್ದು ಅಂತ ನೋಡಲು ಹಸಿರು ಚುಕ್ಕೆ ಹುಡುಕಿ. ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಬ್ಯಾಚ್ ನಂಬರ್, ಆಮದು ಮಾಡಿದವರ ವಿಳಾಸ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಪೊಟ್ಟಣ ಅಗ್ಗಕ್ಕೆ ಸಿಕ್ಕರೂ ಬಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಹುರಿಗಟ್ಟಿದ ಮೈಕಟ್ಟಿನ ಚಿತ್ರ ಹಾಕಿ 'ಪವರ್' ಅಂತ ಮಾರುವ ಮಿಶ್ರಣಗಳಿಂದ ದೂರವಿರಿ. ಲೈಂಗಿಕ ಶಕ್ತಿಯ 'ಗಿಡಮೂಲಿಕೆ' ಎಂದು ಮಾರುವ ಸರಕಿನಲ್ಲಿ ಸಿಲ್ಡೆನಾಫಿಲ್ (ವಯಾಗ್ರಾ ಗುಳಿಗೆಯಲ್ಲಿರುವ) ಔಷಧವನ್ನು ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ಎದೆನೋವಿಗೆ ನೈಟ್ರೇಟ್ ಗುಳಿಗೆ ತಗೊಳ್ಳುವವರ ಹೊಟ್ಟೆಗೆ ಅದು ಹೋದರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಕೊಳ್ಳುವುದಾದರೆ ಬರೀ ಮಾಕಾ ಇರುವುದನ್ನೇ ಕೊಳ್ಳಿ.

ಅಳತೆ: ಮೊದಲ ವಾರ ದಿನಕ್ಕೆ ಒಂದೂವರೆ ಗ್ರಾಂ. ಹೊಟ್ಟೆ, ನಿದ್ದೆ ಸರಿಯಾಗಿದ್ದರೆ 3 ಗ್ರಾಂ. ಅದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಕಂಡಿಲ್ಲ. ಚಮಚಗಳು ಮನೆಮನೆಗೆ ಬೇರೆ, ಆದ್ದರಿಂದ ಸಣ್ಣ ತಕ್ಕಡಿಯಲ್ಲಿ ಒಂದು ಸಲ ತೂಗಿ, ನಿಮ್ಮ ಚಮಚದಲ್ಲಿ ಎಲ್ಲಿಗೆ ಬರುತ್ತದೆ ನೋಡಿಟ್ಟುಕೊಳ್ಳಿ. ಲಾಡಿಗೆ, ಚಪಾತಿ ಹಿಟ್ಟಿಗೆ ಸುರಿಯಬೇಡಿ, ಯಾರ ಹೊಟ್ಟೆಗೆ ಎಷ್ಟು ಹೋಯಿತು ಅನ್ನೋದು ಗೊತ್ತಾಗುವುದಿಲ್ಲ.

ಬೆಳಿಗ್ಗೆ ತಿಂಡಿಯ ಜೊತೆ ತಗೊಳ್ಳಿ. ಸಂಜೆ ತಗೊಂಡರೆ ಕೆಲವರಿಗೆ ನಿದ್ದೆ ಹತ್ತುವುದಿಲ್ಲ. ನಾನು ರಾಗಿ ಅಂಬಲಿಯಲ್ಲಿ ಹಾಕಿಕೊಳ್ಳುತ್ತೇನೆ. ಪುಡಿಯನ್ನು ನೇರ ಬಿಸಿ ಅಂಬಲಿಗೆ ಉದುರಿಸಿದರೆ ಮೇಲೆ ಕಂದು ಗಂಟುಗಳು ತೇಲುತ್ತವೆ, ಒಡೆದರೆ ಒಳಗೆ ಒಣ ಹಿಟ್ಟು. ಅದಕ್ಕೆ ಬಟ್ಟಲಲ್ಲಿ ಎರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ ಮೊದಲು ಪೇಸ್ಟ್ ಕಲಸಿ, ಆಮೇಲೆ ಅಂಬಲಿ ಹುಯ್ದು ಕದಡಿ. ಹುರಿದ ಹಿಟ್ಟಿನ ವಾಸನೆ ಬರುತ್ತದೆ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಮೂಲಂಗಿಯ ಸಣ್ಣ ಖಾರ ಉಳಿಯುತ್ತದೆ. ಚೂರು ಬೆಲ್ಲ ಅದನ್ನು ಮುಚ್ಚುತ್ತದೆ.

ಮುಂಬಯಿಯ ಮಳೆಗಾಲ ಇಂಥ ಪುಡಿಗೆ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಸಲಕ್ಕೆ 100 ಗ್ರಾಂ ಪೊಟ್ಟಣ ಸಾಕು. ಬಿಗಿ ಮುಚ್ಚಳದ ಗಾಜಿನ ಬಾಟಲಿ, ಒಣ ಚಮಚ, ಗ್ಯಾಸ್ ಒಲೆಯಿಂದ ದೂರದ ಕಪಾಟು. ಕಲ್ಲಿನಂತೆ ಗಟ್ಟಿಯಾಗಿ ಮುಗ್ಗಲು ವಾಸನೆ ಬಂದರೆ ಎಸೆಯಿರಿ.

ಫಲದ ಬಗ್ಗೆ ಇಷ್ಟು ಹೇಳಬಲ್ಲೆ: 2002ರಲ್ಲಿ ಪ್ರಕಟವಾದ ಪೆರುವಿನ ಒಂದು ಅಧ್ಯಯನದಲ್ಲಿ ಗಂಡಸರಿಗೆ 12 ವಾರ ದಿನಾ ಒಂದೂವರೆ ಅಥವಾ 3 ಗ್ರಾಂ ಕೊಟ್ಟರು. ಎಂಟು ವಾರದ ಹೊತ್ತಿಗೆ ಲೈಂಗಿಕ ಬಯಕೆ ಹೆಚ್ಚಿತ್ತು, ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರೋನ್ ಮಾತ್ರ ಬದಲಾಗಿರಲಿಲ್ಲ. ಹಾಗಾಗಿ ನಾಲ್ಕು ದಿನಕ್ಕೆ ಏನೂ ಆಗಲಿಲ್ಲ ಅಂತ ಅಳತೆ ಏರಿಸಬೇಡಿ. ಸುಸ್ತಿಗೆಂದು ತಗೊಳ್ಳುವವರು ಮೊದಲು ಹಿಮೋಗ್ಲೋಬಿನ್, ಶುಗರ್, ಬಿ12 ತಪಾಸಣೆ ಮಾಡಿಸಿ. ಅವುಗಳ ಏರುಪೇರನ್ನು ಮಾಕಾ ಸರಿಪಡಿಸುವುದಿಲ್ಲ. 12 ವಾರ ಕಳೆದ ಮೇಲೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಆ ದುಡ್ಡಿಗೆ ಹಣ್ಣು ತನ್ನಿ.